ಮೂರನೆಯ ಭೇಟಿಯ ವರದಿ

ಅದು 1977. ಇಸವಿಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ, ಯಾಕೆಂದರೆ ಅದು ನನ್ನ ಪದವಿ ಪತ್ರದ ಮೇಲೆ ಅಚ್ಚಾಗಿದೆ. ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಯಾಕೆ ನಂಬುವುದಿಲ್ಲ ಎನ್ನುವುದನ್ನೇ ಇಲ್ಲಿ ಹೇಳಬೇಕಾಗಿದೆ.

ಆಗ ನಾನು ಎಂ.ಎಸ್.ಡಬ್ಲ್ಯು. ಕೊನೆಯ ವರ್ಷದಲ್ಲಿದ್ದೆ. ಅದಕ್ಕೂ ಮೊದಲು ಒಂದು ವರ್ಷ ಕಾನೂನು ಓದಿ ಬಿಟ್ಟಿದ್ದೆ. ಒಂದು ಕಡೆ ಕೂರುವ ಸ್ವಭಾವ ನನ್ನದಲ್ಲ. ಸಮಾಜಕಾರ್ಯ ಎಂದರೆ ಓಡಾಟದ ಓದು ಎಂದು ಯಾರೋ ಹೇಳಿದ್ದರಿಂದ ಸೇರಿದ್ದೆ. ಸೇರಿದ ಮೇಲೆ ಗೊತ್ತಾಯಿತು, ಈ ಪದವಿಗೆ ಪರೀಕ್ಷೆ ಬರೆದರೆ ಸಾಲದು. ಎರಡು ವರ್ಷ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಹಳ್ಳಿಯಲ್ಲಿ ಹತ್ತು ದಿನದ ಶಿಬಿರ, ಒಂದು ಪ್ರೌಢಪ್ರಬಂಧ, ಎಲ್ಲ ಮುಗಿದ ಮೇಲೆ ಯಾವುದಾದರೂ ಸಂಸ್ಥೆಯಲ್ಲಿ ಒಂದು ತಿಂಗಳು ಪೂರ್ತಿ ಕೆಲಸ. ಇದಕ್ಕೆ ಬ್ಲಾಕ್ ಪ್ಲೇಸ್‌ಮೆಂಟ್ ಎನ್ನುತ್ತಿದ್ದರು. ಆ ತಿಂಗಳ ಕೆಲಸದ ವರದಿ ಹಿಡಿದುಕೊಂಡು ಹೊರಗಿನ ಪರೀಕ್ಷಕರ ಮುಂದೆ ಕೂರಬೇಕು. ಅಲ್ಲಿ ದಾಟಿದರೆ ಪದವಿ.

ವರದಿ ಬರೆಯುವುದಕ್ಕೂ ಒಂದು ಕ್ರಮವಿತ್ತು. ಒಬ್ಬರನ್ನು ಭೇಟಿ ಮಾಡಿದರೆ ನಾವು ಏನು ಕೇಳಿದೆವು, ಅವರು ಏನು ಹೇಳಿದರು, ಹೇಳುವಾಗ ಮುಖ ಹೇಗಿತ್ತು, ಎಲ್ಲಿ ಸುಮ್ಮನಾದರು, ಎಲ್ಲವನ್ನೂ ನಾಟಕದ ಮಾತಿನ ಹಾಗೆ ಬರೆಯಬೇಕು. ಎದುರಿಗೆ ಕೂತು ಬರೆದುಕೊಳ್ಳುವಂತಿಲ್ಲ. ಭೇಟಿ ಮುಗಿದ ಮೇಲೆ ನೆನಪಿನಿಂದ ಬರೆಯಬೇಕು. ಇದರಲ್ಲಿ ನಮ್ಮ ತರಗತಿಯಲ್ಲಿ ನನ್ನದೇ ಮೇಲುಗೈ ಎಂದು ಅಧ್ಯಾಪಕರು ಹೇಳುತ್ತಿದ್ದರು.

ನಮ್ಮ ಊರು ಹಿರಿಯೂರು. ಮನೆಗೆ ಹತ್ತಿರವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಚಿತ್ರದುರ್ಗದ ಒಂದು ಕ್ಷಯರೋಗ ಚಿಕಿತ್ಸಾಲಯವನ್ನು ಕೇಳಿ ಹಾಕಿಸಿಕೊಂಡೆ. ದಾವಣಗೆರೆಯ ಒಂದು ಮಿಲ್ಲಿನಲ್ಲಿ ಕಾರ್ಮಿಕ ಕಲ್ಯಾಣ ವಿಭಾಗದಲ್ಲಿ ನನಗೊಂದು ಕೆಲಸ ಹೆಚ್ಚುಕಡಿಮೆ ನಿಕ್ಕಿಯಾಗಿತ್ತು. ಜುಲೈ ತಿಂಗಳೊಳಗೆ ಪಾಸಾದ ಕಾಗದ ತೋರಿಸಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿದ್ದ ಮುಂದಿನವನನ್ನು ಕರೆಯುತ್ತಾರೆ. ಹಾಗಾಗಿ ಮೇ ತಿಂಗಳ ಆ ಮೂವತ್ತು ದಿನಗಳನ್ನು ನಾನು ಮುಳ್ಳಿನ ಮೇಲೆ ಕೂತ ಹಾಗೆ ಕಳೆದೆ.

ಚಿಕಿತ್ಸಾಲಯದ ಸಮಾಜ ಕಾರ್ಯಕರ್ತೆ ಸರೋಜಮ್ಮ ಎಂಬವರು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಕೈಯಲ್ಲಿ ಸದಾ ಒಂದು ಕಟ್ಟು ರೋಗಿಗಳ ಕಾರ್ಡು. ಮೊದಲ ದಿನವೇ ಆ ಕಟ್ಟಿನಿಂದ ನಾಲ್ಕು ಕಾರ್ಡು ಎಳೆದು ನನ್ನ ಮುಂದಿಟ್ಟರು.

"ನೋಡಪ್ಪ, ಇವರು ನಾಲ್ಕೂ ಜನ ಗುಳಿಗೆ ಬಿಟ್ಟಿದ್ದಾರೆ. ಯಾಕೆ ಬಿಟ್ಟರು ಅಂತ ತಿಳ್ಕೊಂಡು ಬಾ. ಮತ್ತೆ ಶುರು ಮಾಡಿಸು. ಬೈಬೇಡ. ಬೈಯೋದಕ್ಕೆ ಇಲ್ಲಿ ಡಾಕ್ಟರು ಇದ್ದಾರೆ."

ಆ ಕಾಲದಲ್ಲಿ ಕ್ಷಯಕ್ಕೆ ವರ್ಷದ ಮೇಲೆ ಬಿಡದೆ ಗುಳಿಗೆ ನುಂಗಬೇಕಿತ್ತು. ಎರಡು ತಿಂಗಳಿಗೇ ಕೆಮ್ಮು ನಿಂತು ಮೈ ಹಗುರಾಗುತ್ತಿತ್ತು. ಕೆಮ್ಮು ನಿಂತ ಮೇಲೆ ಗುಳಿಗೆ ಯಾಕೆ ಎಂದು ಬಿಡುವವರೇ ಹೆಚ್ಚು. ಬಿಟ್ಟರೆ ರೋಗ ಮರಳಿ ಬರುತ್ತಿತ್ತು, ಆಗ ಅದು ಮೊದಲಿನ ಮದ್ದಿಗೆ ಬಗ್ಗುತ್ತಿರಲಿಲ್ಲ.

ಮೂರು ಕಾರ್ಡು ಹತ್ತು ದಿನದಲ್ಲಿ ಮುಗಿದವು. ಹೊಳಲ್ಕೆರೆಯ ಒಬ್ಬ ದರ್ಜಿ ಎರಡೇ ಮಾತಿಗೆ ಒಪ್ಪಿದ. ಹೊಸದುರ್ಗದ ಒಬ್ಬ ಹೆಂಗಸಿಗೆ ಅತ್ತೆಯ ಒಪ್ಪಿಗೆ ಬೇಕಿತ್ತು, ಅತ್ತೆಯೊಡನೆ ಮಾತಾಡಿದೆ. ಇನ್ನೊಬ್ಬ ಊರು ಬಿಟ್ಟಿದ್ದ. ಉಳಿದದ್ದು ಕರಿಯಣ್ಣ. ಕಾರ್ಡಿನಲ್ಲಿ ವಯಸ್ಸು ಮೂವತ್ತೈದು, ಕಸುಬು ಕುರಿ ಮೇಯಿಸುವುದು, ಬಿ.ದುರ್ಗದ ಹತ್ತಿರದ ಒಂದು ಹಟ್ಟಿಯ ಹೆಸರು. ಹಟ್ಟಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಬಿ.ದುರ್ಗದಲ್ಲಿ ಬಸ್ಸಿಳಿದು ನಡೆದು ಹೋದೆ. ಹೆಗಲ ಚೀಲ ಕಂಡದ್ದೇ ತಡ, ಕಟ್ಟೆಯ ಮೇಲಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ಎತ್ತಲೋ ಹೋದರು. ಆ ಒಂದೆರಡು ವರ್ಷ ಚೀಲ ಹಿಡಿದು ಹಳ್ಳಿಗೆ ಹೋದವರನ್ನೆಲ್ಲ ಸಂತಾನಹರಣ ಆಪರೇಷನ್ನಿಗೆ ಜನ ಹಿಡಿಯಲು ಬಂದವರೆಂದೇ ತಿಳಿಯುತ್ತಿದ್ದರು. ಕಟ್ಟೆಯ ಹತ್ತಿರ ಅವರೆಕಾಳು ಕೇರುತ್ತಿದ್ದ ಒಬ್ಬ ಮುದುಕಿ ಮಾತ್ರ ಅಲ್ಲಾಡಲಿಲ್ಲ.

"ಯಾರನ್ನ ಹಿಡ್ಕಂಡು ಹೋಗಾಕೆ ಬಂದಿಯಪ್ಪ?"

"ಯಾರನ್ನೂ ಇಲ್ಲಜ್ಜಿ. ನಾನು ಆಪರೇಷನ್ನಿನವನಲ್ಲ."

"ಹೋದ ಸಲ ಬಂದೋನೂ ಹಂಗೇ ಅಂದ. ನಮ್ಮ ಗಿಡ್ಡಜ್ಜಂಗೆ ಎಪ್ಪತ್ತಾಗೈತೆ, ಅವನ್ನ ಕರ್ಕಂಡು ಹೋಗು. ಪ್ಯಾಟೆ ನೋಡ್ದಂಗಾಗ್ತೈತೆ ಅಂತ ಖುಷಿಯಾಗಿ ಬತ್ತಾನೆ."

ಒಳಗಿನಿಂದ ಹೆಂಗಸರು ನಕ್ಕರು. ಕರಿಯಣ್ಣನ ಮನೆ ಕೇಳಿದೆ. ನಗುತ್ತಿದ್ದವರಲ್ಲಿ ಒಬ್ಬಳು ನಗು ನಿಲ್ಲಿಸಿ ಹೊರಗೆ ಬಂದು, ಮನೆಯ ಹಿಂದಕ್ಕೆ ಬರುವಂತೆ ಕೈ ಮಾಡಿದಳು. ಅವಳೇ ಕರಿಯಣ್ಣನ ಹೆಂಡತಿ ಈರಮ್ಮ.

"ಜೋರಾಗಿ ಅನ್‌ಬ್ಯಾಡ್ರಿ ಸಾರ್. ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಮಾವಂಗೂ ಗೊತ್ತಿಲ್ಲ. ಸೀತದ ಕೆಮ್ಮು ಅಂತ ಹೇಳೀವಿ."

"ಅವರೆಲ್ಲಿ?"

"ಕುರಿ ಸಂಗಾಟ ಹೋಗವ್ರೆ. ಹೊಸದುರ್ಗದ ಕಡೆ ತೆಂಗಿನ ತೋಟದಾಗೆ ತರುಬಿದ್ರು. ಈಗ ಚಿಕ್ಕಜಾಜೂರು ಕಡೀಗೆ ಬಂದಿರಬೇಕು. ನೀವಾರ ಹೇಳ್ರಿ ಸಾರ್. ನಾ ಹೇಳಿದ್ರೆ ಸಿಟ್ಟಾಗ್ತಾರೆ."

ಕುರಿ ತರುಬುವುದು ಎಂದರೆ ಮಳೆಗಾಲಕ್ಕೆ ಮೊದಲು ಹೊಲ ತೋಟಗಳಲ್ಲಿ ಮಂದೆ ಕೂಡಿಹಾಕುವುದು. ಹಿಕ್ಕೆ ಗಂಜಲ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ರಾಗಿ ಕೊಡುತ್ತಾರೆ. ಐದಾರು ಮನೆಯವರು ತಮ್ಮ ಕುರಿಗಳನ್ನು ಸೇರಿಸಿ ಒಂದೇ ಮಂದೆ ಮಾಡಿಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಹೊರಡುವ ದಿನ ಬಂದರೆ ಯಾರೊಬ್ಬರಿಗೋಸ್ಕರ ಮಂದೆ ನಿಲ್ಲುವುದಿಲ್ಲ. ಕಾರ್ಡಿನಲ್ಲಿ ವಿಳಾಸ ಎಂದು ಬರೆದಿದ್ದ ಜಾಗದಲ್ಲಿ ಕರಿಯಣ್ಣ ವರ್ಷದಲ್ಲಿ ನಾಲ್ಕು ತಿಂಗಳು ಇರುತ್ತಿದ್ದನೋ ಇಲ್ಲವೋ.

ಎರಡು ದಿನ ಬಿಟ್ಟು ಅವನನ್ನು ಹುಡುಕಿದೆ. ಚಿಕ್ಕಜಾಜೂರು ಸ್ಟೇಷನ್ನಿನಿಂದ ಮೂರು ಮೈಲಿ ದೂರದಲ್ಲಿ, ಒಂದು ಕೆರೆಯ ಕೆಳಗಿನ ಹೊಲದಲ್ಲಿ ಮಂದೆ ಇತ್ತು. ಸಣಕಲು ಮನುಷ್ಯ, ಆ ಬಿಸಿಲಿನಲ್ಲೂ ಹೆಗಲ ಮೇಲೆ ಕಂಬಳಿ. ನಾನು ಯಾರೆಂದು ಹೇಳಿದ ಕೂಡಲೇ ಮೆಲ್ಲಗೆ, "ಕುರಿ ಕೊಳ್ಳಾಕೆ ಬಂದೋರು ಅಂತ ಹೇಳ್ತೀನಿ, ಸುಮ್ಕಿರ್ರಿ" ಎಂದವನೇ, ಎಲ್ಲರಿಗೂ ಕೇಳುವ ಹಾಗೆ, "ಬರ್ರಿ ಸಾರ್, ಕುರಿ ನೋಡ್ರಿ" ಎಂದ.

ನಾನು ನೋಡಿದೆ. ಸುಮ್ಮನೆ ನೋಡಿದರೆ ಆಗುವುದಿಲ್ಲವಂತೆ.

"ಲೇ ಕರಿಯ, ಸಾಹೇಬ್ರು ಕುರಿ ಮುಖ ನೋಡ್ತಾವ್ರಲ್ಲೋ, ಹೆಣ್ಣು ನೋಡಾಕೆ ಬಂದವ್ರೇನೋ?" ಎಂದು ಅವನ ಭಾವಮೈದುನ ಕೂಗಿದ. ಎಲ್ಲರೂ ನಕ್ಕರು. ಕರಿಯಣ್ಣ ನನ್ನ ಕೈ ಹಿಡಿದು ಒಂದು ಟಗರಿನ ಬೆನ್ನಿನ ಮೇಲಿಟ್ಟು, "ಇಲ್ಲಿ ಒತ್ತಿ ನೋಡ್ಬೇಕು ಸಾರ್, ಮೂಳೆ ಸಿಕ್ಕಿದ್ರೆ ಬ್ಯಾಡ" ಎಂದ. ಅವನ ಬೆರಳುಗಳಿಗೂ ಮೂಳೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕೆರೆ ಏರಿಯ ಮೇಲಿನ ಹುಣಸೆ ಮರದ ಕೆಳಗೆ ಇಬ್ಬರೇ ಕುಳಿತೆವು. ಯಾಕೆ ಗುಳಿಗೆ ಬಿಟ್ಟಿರಿ ಎಂದು ಕೇಳಿದೆ.

"ಒಂದೇ ಗಡಿಗೆ ಸಾರ್. ಆರು ಜನ ಕೂಡಿ ಉಣ್ತೀವಿ. ಚಿತ್ರದುರ್ಗಕ್ಕೆ ಹೋಗಿ ಬರ್ತೀನಿ ಅಂದ್ರೆ ಯಾಕೆ ಅಂತಾರೆ. ಒಂದ್ಸಲ ಅಂದ್ರೆ ಏನೋ ಹೇಳಬೌದು. ತಿಂಗಳಾ ತಿಂಗಳಾ ಏನಂತ ಹೇಳ್ಲಿ? ಗೊತ್ತಾದ್ರೆ ಬ್ಯಾರೆ ಕುಂದ್ರಿಸ್ತಾರೆ. ಆಮ್ಯಾಕೆ ಕುರಿನೂ ಬ್ಯಾರೆ ಮಾಡ್ಕ ಅಂತಾರೆ. ನಾ ಒಬ್ನೇ ಕುರಿ ಹೊಡ್ಕಂಡು ಎಲ್ಲಿಗೆ ಹೋಗ್ಲಿ?"

"ಗುಳಿಗೆ ನುಂಗಿದರೆ ಅವರಿಗೂ ಅಂಟೋದಿಲ್ಲ. ಬಿಟ್ಟರೆ ಅಂಟುತ್ತೆ."

ಅವನು ಕೆಳಗೆ ಮಂದೆಯ ಹತ್ತಿರ ಕೂತಿದ್ದವರ ಕಡೆ ತಿರುಗಿ ನೋಡಿದ. ಆಮೇಲೆ, "ಅದನ್ನ ಯಾರೂ ನಂಗೆ ಹೇಳ್ಲಿಲ್ಲ" ಎಂದ.

ಮುಂದಿನ ವಾರ ನಾನೇ ಗುಳಿಗೆ ಒಯ್ದು ಕೊಟ್ಟೆ. ನನ್ನೆದುರಿಗೇ ನುಂಗಿ, ಉಳಿದದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕಂಬಳಿಯ ಕೊಪ್ಪೆಯೊಳಗೆ ಇಟ್ಟುಕೊಂಡ. ಇದು ಎರಡನೆಯ ಭೇಟಿ. ವಾಪಸು ಬಂದು ಹೆಮ್ಮೆಯಿಂದ ಹೇಳಿದರೆ ಸರೋಜಮ್ಮ ಖುಷಿಪಡಲಿಲ್ಲ.

"ನೀನು ಹೋದ ಮೇಲೆ ಯಾರು ಒಯ್ದು ಕೊಡ್ತಾರೆ? ಅವನನ್ನ ನಿನ್ನ ಕಾಲ ಮೇಲೆ ನಿಲ್ಲಿಸಬೇಡ. ಅಲ್ಲೇ ಹತ್ತಿರ ಒಂದು ಆರೋಗ್ಯ ಕೇಂದ್ರ ಇದೆಯಲ್ಲ, ಕರ್ಕೊಂಡು ಹೋಗಿ ಅವರ ರಿಜಿಸ್ಟರಿನಲ್ಲಿ ಹೆಸರು ಬರೆಸು. ಆಮೇಲೆ ಗುಳಿಗೆ ಅವನ ಹೆಂಡತಿ ಹೋದರೂ ಕೊಡ್ತಾರೆ. ಅವನೊಬ್ಬನೇ ಹೋದರೆ ಕಾಂಪೌಂಡರು ಚಿತ್ರದುರ್ಗಕ್ಕೆ ಹೋಗು ಅಂತ ಕಳಿಸಿಬಿಡ್ತಾನೆ. ನಮ್ಮ ಚೀಟಿ ತಗೊಂಡು ನೀನು ಜೊತೆಗೆ ಹೋಗಬೇಕು. ಅದಾದರೆ ಕೇಸು ಮುಗೀತು ಅಂತ ಬರಿ."

ಚೀಟಿ ಬರೆದು ಮೊಹರು ಒತ್ತಿ ಕೊಟ್ಟರು. ದಿನವೂ ಗೊತ್ತಾಯಿತು. ಮುಂದಿನ ಗುರುವಾರ. ಎರಡನೆಯ ಭೇಟಿಯಲ್ಲೇ, ಹತ್ತಿರದ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ಗುಳಿಗೆ ಅಲ್ಲೇ ಸಿಗುತ್ತದೋ ಕೇಳಿಬರುತ್ತೇನೆ ಎಂದು ನಾನು ಅಂದಾಗ, ಕರಿಯಣ್ಣ ಹೇಳಿದ್ದ: "ಗುರುವಾರ ಕುರಿ ಮುಂದಕ್ಕೆ ಹೊಂಡ್ತಾವೆ ಸಾರ್. ನಾನು ಭಾವಮೈದ್ನಂಗೆ ಬಿಟ್ಟು ಇದೇ ಮರದ ಕೆಳಗೆ ಇರ್ತೀನಿ. ಕೊಳ್ಳೋ ಸಾಹೇಬ್ರು ಬರ್ತಾರೆ ಅಂತ ಹೇಳ್ತೀನಿ. ಬರ್ತೀರಲ್ಲ?"

"ಬರ್ತೀನಿ" ಎಂದಿದ್ದೆ.

ಆ ಗುರುವಾರ ನನ್ನ ತಿಂಗಳ ಕೊನೆಯ ಹಿಂದಿನ ದಿನ. ಮರುದಿನ ಬೆಳಿಗ್ಗೆ ಹತ್ತಕ್ಕೆ ನಾಲ್ಕೂ ಕೇಸಿನ ವರದಿಯನ್ನು ಶುದ್ಧಪ್ರತಿ ಮಾಡಿ ಸರೋಜಮ್ಮನವರ ಸಹಿಗೆ ಇಡಬೇಕು. ಮಧ್ಯಾಹ್ನ ಅದು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಒಂದು ಪ್ರತಿ ಚಿಕಿತ್ಸಾಲಯದಲ್ಲೇ ಉಳಿಯುತ್ತದೆ. ನನ್ನದು ಮೂರು ಕೇಸು ಇನ್ನೂ ಕಚ್ಚಾ ಟಿಪ್ಪಣಿಯಲ್ಲೇ ಇದ್ದವು. ಹೊಳಲ್ಕೆರೆಯಲ್ಲಿ ಬಸ್ಸು ಕೆಟ್ಟು ಚಿಕ್ಕಜಾಜೂರಿಗೆ ಬರುವಾಗ ಹನ್ನೊಂದು ದಾಟಿತ್ತು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ನೆರಳಿತ್ತು. ಒಂದು ಗಂಟೆ ಕೂತು ಒಂದು ಕೇಸು ಬರೆದು ಆಮೇಲೆ ನಡೆಯೋಣ ಎಂದುಕೊಂಡೆ.

ಬರೆಯುವುದಕ್ಕೆ ಕೂತರೆ ನನಗೆ ಹೊತ್ತು ತಿಳಿಯುವುದಿಲ್ಲ. ತಲೆ ಎತ್ತಿದಾಗ ಮೂರು ಕೇಸು ಮುಗಿದಿದ್ದವು, ಗಡಿಯಾರದಲ್ಲಿ ಎರಡೂವರೆ. ಆರೋಗ್ಯ ಕೇಂದ್ರ ಒಂದಕ್ಕೇ ಬಾಗಿಲು ಹಾಕುತ್ತಿತ್ತು. ಈಗ ಹೋಗಿಯೂ ಹೆಸರು ಬರೆಸುವಂತಿಲ್ಲ. ಚಿತ್ರದುರ್ಗದ ಗಾಡಿ ಸಂಜೆ ಇತ್ತು, ಆರು ಮೈಲಿ ಹೋಗಿ ಬಂದರೆ ಅದು ತಪ್ಪಿದರೂ ತಪ್ಪಬಹುದು. ಹೋಗಿ ಕರಿಯಣ್ಣನಿಗೆ ಇನ್ನೊಂದು ದಿನ ಹೇಳಿಬರಬಹುದಿತ್ತು. ಅಷ್ಟಾದರೂ ಮಾಡಬಹುದಿತ್ತು. ಆದರೆ ಇನ್ನೊಂದು ದಿನ ನನ್ನ ಬಳಿ ಇರಲಿಲ್ಲ. ಕೇಸು ಮುಗಿಯದೆ ವರದಿ ಪೂರ್ತಿಯಾಗುವುದಿಲ್ಲ, ವರದಿ ಪೂರ್ತಿಯಾಗದೆ ಪದವಿ ಇಲ್ಲ.

ಅಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೆ ಗೊತ್ತೇ ಇತ್ತು. ಕರಿಯಣ್ಣ ಏನು ಹೇಳುತ್ತಾನೆ, ನಾನು ಏನು ಹೇಳುತ್ತೇನೆ, ದಾರಿಯಲ್ಲಿ ಅವನು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲ. ಬರೆದೆ. ಅವನು ಕಂಬಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕಾದಿದ್ದ ಎಂದು ಬರೆದೆ. ಕೇಂದ್ರದ ಹೊಸ್ತಿಲಲ್ಲಿ ಹಿಂಜರಿದ, ನಾನು ಹೆಗಲ ಮೇಲೆ ಕೈ ಇಟ್ಟೆ ಎಂದು ಬರೆದೆ. ಕಾಂಪೌಂಡರು ಕೆಂಪು ಶಾಯಿಯಲ್ಲಿ ಹೆಸರು ಬರೆದ ಎಂದು ಬರೆದೆ. ಕೊನೆಗೆ: "ರೋಗಿಯ ಹೆಸರು ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ದಾಖಲಾಯಿತು. ಪ್ರಕರಣ ಮುಕ್ತಾಯ." ಭಾನುವಾರ ಬಂದು ಅವನನ್ನು ಹುಡುಕಿ, ಸೋಮವಾರ ಕರೆದುಕೊಂಡು ಹೋಗಿ ಇದನ್ನೆಲ್ಲ ನಿಜ ಮಾಡಿಬಿಡುತ್ತೇನೆ ಎಂದುಕೊಂಡೆ. ಆ ಕ್ಷಣಕ್ಕೆ ಅದು ಸುಳ್ಳು ಅನ್ನಿಸಲಿಲ್ಲ, ಸ್ವಲ್ಪ ಮುಂಚಿತವಾಗಿ ಬರೆದ ನಿಜ ಅನ್ನಿಸಿತು.

ಭಾನುವಾರ ಹಿರಿಯೂರಿನಲ್ಲಿ ಮಲಗಿದ್ದೆ. ಸೋಮವಾರ ಮಿಲ್ಲಿನವರು ಕರೆದರೆಂದು ದಾವಣಗೆರೆಗೆ ಹೋದೆ. ಆ ವಾರ ಬಟ್ಟೆ ಒಗೆಯುವಾಗ ಅಮ್ಮ ನನ್ನ ಪ್ಯಾಂಟಿನ ಜೇಬಿನಿಂದ ಒಂದು ಒದ್ದೆ ಕಾಗದ ತೆಗೆದು, "ಇದು ಬೇಕೇನೋ?" ಎಂದಳು. ಮೊಹರಿನ ಶಾಯಿ ಹರಡಿ ನೀಲಿಯಾಗಿತ್ತು. ಬೇಡ ಎಂದೆ. ನಾನು ಅಲ್ಲಿಗೆ ಹೋಗಲಿಲ್ಲ ಎಂಬುದಕ್ಕೆ ನನಗೆ ಇರುವ ಗಟ್ಟಿ ಸಾಕ್ಷಿ, ಕೇಂದ್ರದಲ್ಲಿ ಕೊಡಬೇಕಿದ್ದ ಆ ಚೀಟಿ ಒಂದೇ. ಯಾಕೆಂದರೆ ಇವತ್ತು ಕಣ್ಣು ಮುಚ್ಚಿದರೆ ನನಗೆ ಸ್ಟೇಷನ್ನಿನ ಬೆಂಚು ಅಷ್ಟಾಗಿ ಕಾಣುವುದಿಲ್ಲ. ಹೊಸ್ತಿಲಲ್ಲಿ ಹಿಂಜರಿದ ಕರಿಯಣ್ಣ ಕಾಣುತ್ತಾನೆ. ಅವನ ಹೆಗಲ ಮೂಳೆ ನನ್ನ ಅಂಗೈಗೆ ತಗಲುತ್ತದೆ.

ಸರೋಜಮ್ಮ ವರದಿಯನ್ನು ಪೂರ್ತಿ ಓದಿ ಸಹಿ ಹಾಕಿದ್ದರು. ಕರಿಯಣ್ಣನ ಕಾರ್ಡನ್ನು ಗುಳಿಗೆ ಬಿಟ್ಟವರ ಕಟ್ಟಿನಿಂದ ತೆಗೆದು ಬೇರೆ ಕಡೆ ಸೇರಿಸಿದರು. ಇನ್ನು ಅವನನ್ನು ಹುಡುಕಿಕೊಂಡು ಯಾರೂ ಹೋಗುವ ಹಾಗಿರಲಿಲ್ಲ. ಜೂನ್ ತಿಂಗಳ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ನನ್ನ ವರದಿ ತಿರುವಿ ಹಾಕಿ, ಒಂದು ಪುಟದಲ್ಲಿ ನಿಂತು ಗಟ್ಟಿಯಾಗಿ ಓದಿದರು. ಅದು ಮೂರನೆಯ ಭೇಟಿಯ ಪುಟ. "ಉಳಿದವರು ಹುಟ್ಟಿಸಿಕೊಂಡು ಬರೆದಿದ್ದಾರೆ. ಇಲ್ಲಿ ನೋಡಿ, ಈತ ಹೋಗಿದ್ದಾನೆ" ಎಂದು ಪಕ್ಕದವರಿಗೆ ತೋರಿಸಿದರು. ನಾನು ಪಾಸಾದೆ. ಮಿಲ್ಲಿಗೆ ಸೇರಿದೆ.

ಮರುವರ್ಷ ಬೇಸಿಗೆ ಹತ್ತಿರವಿತ್ತು. ಊರಿಗೆ ಹೋಗುವಾಗ ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸಬೇಕು, ಅಲ್ಲಿ ಸರೋಜಮ್ಮ ಸಿಕ್ಕಿದರು. ಕೆಲಸ ಹೇಗಿದೆ, ಊಟ ಹೇಗೆ ಎಂದೆಲ್ಲ ಕೇಳಿ, ಆಮೇಲೆ ತಾವಾಗಿಯೇ ಹೇಳಿದರು.

"ನಿನ್ನ ಕರಿಯಣ್ಣ ಹೋಗಿಬಿಟ್ಟನಪ್ಪ. ಸಂಕ್ರಾಂತಿ ಆದಮೇಲೆ ಗಾಡಿಯಲ್ಲಿ ಹಾಕ್ಕೊಂಡು ಬಂದ್ರು. ಬಾಯಲ್ಲಿ ರಕ್ತ. ಮೂರು ದಿನ ಇದ್ದ."

ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ಮುಂದುವರಿಸಿದರು.

"ನೀನು ಅಷ್ಟು ಕಷ್ಟಪಟ್ಟು ಬರೆಸಿದ್ದೆ. ಆ ಕೇಂದ್ರದಲ್ಲಿ ಕೇಳಿದರೆ ಹೆಸರೇ ಇಲ್ಲ ಅಂತಾರೆ. ಕಾಂಪೌಂಡರು ಕೈ ಮುಗಿದು, ಅಂಥವರು ಯಾರೂ ನನ್ನ ಹತ್ರ ಬರಲೇ ಇಲ್ಲಮ್ಮ ಅಂದ. ನಾನು ಬಿಡ್ತೀನಾ? ನಮ್ಮ ಹುಡುಗ ಬರೆದಿರೋದು ಇಲ್ಲಿದೆ, ಕೆಂಪು ಶಾಯಿಯಲ್ಲಿ ಬರೆದ ಅಂತ ಸಮೇತ ಇದೆ ಅಂತ ಮೇಲಿನವರಿಗೆ ಕಾಗದ ಹಾಕಿದೆ. ಅವನಿಗೆ ಮೆಮೋ ಕೊಟ್ಟರು. ಎಲ್ಲೋ ದೂರ ಎತ್ತಿ ಹಾಕಿದರು."

ನನ್ನ ಬಸ್ಸು ಬಂತು. ಆಗಲೇ ಹೇಳಬಹುದಿತ್ತು. ಜನ ನೂಕುತ್ತಿದ್ದರು, ಸರೋಜಮ್ಮ "ಹತ್ತಪ್ಪ, ಹತ್ತು" ಎಂದರು. ನಾನು ಹತ್ತಿದೆ.

ಮೂರನೆಯ ದಿನ ಹಿರಿಯೂರಿನಿಂದ ಹೊರಟು ಬಿ.ದುರ್ಗಕ್ಕೆ ಹೋದೆ. ಈರಮ್ಮನಿಗೆ ಹೇಳಲೇಬೇಕು ಎಂದು ಹೊರಟಿದ್ದೆ. ಕಾಂಪೌಂಡರನ್ನು ನಾನು ನೋಡಿಯೇ ಇರಲಿಲ್ಲ, ಹಾಗಾಗಿ ಮೊದಲು ಇವಳಿಗೆ ಹೇಳಿದರೆ ಮುಂದಿನದು ಸುಲಭವಾಗುತ್ತದೆ ಎಂಬ ಲೆಕ್ಕವೂ ಇದ್ದಿರಬಹುದು. ಈ ಸಲ ಹಟ್ಟಿಯಲ್ಲಿ ಯಾರೂ ಎದ್ದು ಹೋಗಲಿಲ್ಲ. ಈರಮ್ಮ ಬಾಗಿಲಲ್ಲೇ ಇದ್ದಳು. ಗುರುತು ಹಿಡಿದು ಕಂಬಳಿ ಹಾಸಿದಳು.

"ಕುಂತ್ಕಳ್ರಿ ಸಾರ್. ನೀವು ಬರ್ತೀರಿ ಅಂತ ನಂಗೆ ಗೊತ್ತಿತ್ತು."

ಕುಳಿತೆ. ನೀರು ತಂದುಕೊಟ್ಟಳು. ಅವಳೇ ಮಾತು ತೆಗೆದಳು.

"ನೀವು ಮಾಡೋದು ಮಾಡಿದ್ರಿ ಸಾರ್. ಅವತ್ತು ಅವ್ರು ಕುರಿ ಬಿಟ್ಟು ಬೆಳಿಗ್ಗಿನಿಂದ ಕಾದ್ರಂತೆ. ಹೊತ್ತು ಇಳಿಯೋ ಹೊತ್ಗೆ ನೀವು ಬಂದ್ರಂತೆ. ಆಸ್ಪತ್ರೆಗೆ ಕರ್ಕಂಡು ಹೋಗಿ ಹೆಸರು ಬರೆಸಿದ್ರಂತೆ. ಬಂದು ನಂಗೆ ಹೇಳಿದ್ರು, 'ಇನ್ನ ನೀನು ಸುಮ್ಕಿರೇ, ಸಾಹೇಬ್ರು ಬಂದಿದ್ರು, ಎಲ್ಲಾ ಆತು' ಅಂತ. ತಿಂಗಳಾ ತಿಂಗಳಾ ಕೇಳ್ತಿದ್ದೆ, ಗುಳಿಗೆ ತಂದ್ರಾ ಅಂತ. ತಂದೆ ಅಂತಿದ್ರು. ಕಂಬಳ್ಯಾಗೆ ಗಂಟು ತೋರಿಸ್ತಿದ್ರು. ಸತ್ತ ಮ್ಯಾಲೆ ಬಿಚ್ಚಿ ನೋಡಿದ್ರೆ ಅದರಾಗೆ ಏನೂ ಇರ್ಲಿಲ್ಲ ಸಾರ್. ಬರೀ ಬಟ್ಟೆ."

ನಾನು ಬರೆದದ್ದನ್ನೇ ಅವನೂ ಹೇಳಿದ್ದ. ನಾನು ಪರೀಕ್ಷಕರಿಗೆ ಹೇಳಿದ ಸುಳ್ಳನ್ನು ಅವನು ಹೆಂಡತಿಗೆ ಹೇಳಿದ್ದ. ಯಾಕೆ ಹೇಳಿದನೋ. ಇಡೀ ದಿನ ಒಬ್ಬ ಪ್ಯಾಂಟಿನ ಮನುಷ್ಯನಿಗೆ ಕಾದು, ಅವನು ಬರದೆ, ಮಂದೆಯ ಹಿಂದೆ ಒಬ್ಬನೇ ನಡೆದು ಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತೋ. ಹೆಂಡತಿಯ ಬಾಯಿ ಮುಚ್ಚಿಸಲೋ. ನನ್ನ ಮಾನ ಉಳಿಸಲೋ. ಅಥವಾ, ಇದನ್ನು ಬರೆಯಲು ನನಗೇ ಭಯವಾಗುತ್ತದೆ, ನಾನು ನಿಜವಾಗಿಯೂ ಹೋಗಿದ್ದೆನೋ.

"ಇಲ್ಲಮ್ಮ" ಎಂದೆ. "ನಾನು ಅವತ್ತು ಬರಲಿಲ್ಲ. ಸ್ಟೇಷನ್ನಿನವರೆಗೆ ಬಂದೆ, ಅಲ್ಲಿಂದ ವಾಪಸು ಹೋದೆ. ಹೆಸರು ಬರೆಸಲಿಲ್ಲ. ಬರೆಸಿದೆ ಅಂತ ಸುಳ್ಳು ಬರೆದುಕೊಟ್ಟೆ."

ಅವಳು ನನ್ನನ್ನೇ ನೋಡಿದಳು. ಸಿಟ್ಟು ಬರಲಿ ಎಂದು ಕಾದೆ.

"ನಿಮಗೆ ಮರ್ತಿರಬೇಕು ಸಾರ್" ಎಂದಳು. "ನಿಮಗೆ ಎಷ್ಟು ಜನ ಇರ್ತಾರೋ ಏನೋ. ಅವ್ರು ಸಾಯಾಕೆ ಮುಂಚೇನೂ ಅಂದ್ರು, ಸಾಹೇಬ್ರು ಬಂದಿದ್ರಲ್ಲ ಅಂತ. ಸಾಯೋರು ಸುಳ್ಳು ಹೇಳ್ತಾರಾ?"

"ಇಲ್ಲಮ್ಮ, ನಾನು..."

"ಬಿಡ್ರಿ ಸಾರ್. ನೀವು ಬರ್ಲಿಲ್ಲ ಅಂದ್ರೆ ಅವ್ರು ನಂಗೆ ಅಷ್ಟು ದಿನ ಸುಳ್ಳು ಹೇಳಿದಂಗಾತು. ಅದು ಬ್ಯಾಡ."

ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟಳು. ನಾನು ಅದನ್ನು ಕುಡಿದೆ. ಮತ್ತೆ ಆ ಮಾತು ಎತ್ತಲಿಲ್ಲ. ಬಸ್ಸಿನ ದಾರಿಯವರೆಗೆ ಅವಳ ಮಾವ ಜೊತೆಗೆ ಬಂದು, ದಾರಿಯುದ್ದಕ್ಕೂ ನನ್ನ ಉಪಕಾರವನ್ನು ನೆನೆಯುತ್ತಲೇ ಇದ್ದ.

ದಾವಣಗೆರೆಗೆ ಹೋದ ಮೇಲೆ ಸರೋಜಮ್ಮನವರಿಗೆ ಒಂದು ಕಾಗದ ಬರೆದೆ. ಏನೂ ಮುಚ್ಚಿಡಲಿಲ್ಲ. ಕಾಂಪೌಂಡರ ಮೇಲಿನ ಮೆಮೋ ತೆಗೆಸಬೇಕು, ಬೇಕಾದರೆ ನನ್ನ ಪದವಿಯ ವಿಚಾರ ವಿಶ್ವವಿದ್ಯಾಲಯಕ್ಕೆ ತಿಳಿಸಿ ಎಂದೂ ಬರೆದೆ. ಮಿಲ್ಲಿನ ಗೇಟಿನ ಎದುರಿನ ಅಂಚೆ ಡಬ್ಬಿಗೆ ಹಾಕಿದ ನೆನಪಿದೆ. ಉತ್ತರ ಬರಲಿಲ್ಲ. ಒಂದೆರಡು ವರ್ಷದ ಮೇಲೆ ಸರೋಜಮ್ಮನವರು ವರ್ಗವಾಗಿ ಎಲ್ಲಿಗೋ ಹೋದರೆಂದು ಕೇಳಿದೆ. ಅವರು ಓದಿ ಸುಮ್ಮನಾದರೋ, ಕಾಗದ ಅವರಿಗೆ ಸೇರಲೇ ಇಲ್ಲವೋ, ಅಥವಾ ನಾನು ಅದನ್ನು ಬರೆದು ಮೇಜಿನ ಖಾನೆಯಲ್ಲೇ ಇಟ್ಟು, ಡಬ್ಬಿಗೆ ಹಾಕಿದ್ದನ್ನು ಮಾತ್ರ ನೆನಪು ಮಾಡಿಕೊಂಡೆನೋ. ಮಾಡದೆ ಇದ್ದದ್ದನ್ನು ಮಾಡಿದ ಹಾಗೆ ಕಣ್ಣಿಗೆ ಕಟ್ಟಿಸಿಕೊಳ್ಳುವುದು ನನಗೆ ಕಷ್ಟವಲ್ಲ. ಅದರಲ್ಲೇ ನಾನು ಪಾಸಾದವನು.

ಈಗ ವಯಸ್ಸಾಗಿದೆ. ಕರಿಯಣ್ಣನಿಗೆ ಏನೂ ಹೇಳುವಂತಿಲ್ಲ. ಈರಮ್ಮ 'ಬ್ಯಾಡ' ಎಂದಿದ್ದಾಳೆ, ಅವಳ ಮಾತನ್ನು ಮೀರಿ ಈ ಬರಹ ಅವಳ ಕಡೆಯವರ ಕೈಗೆ ಸಿಕ್ಕರೆ ಅದೂ ನನ್ನದೇ ತಪ್ಪು. ಆದರೆ ಆ ಕಾಂಪೌಂಡರು ಇರಬಹುದು, ಅಥವಾ ಅವರ ಮಕ್ಕಳಾದರೂ ಎಲ್ಲೋ ಇರುತ್ತಾರೆ. ಒಬ್ಬ ರೋಗಿಯ ಹೆಸರನ್ನು ನಮ್ಮ ಅಪ್ಪ ಕಳೆದುಹಾಕಿದ, ಆ ಮನುಷ್ಯ ಸತ್ತ ಎಂದು ಅವರ ಮನೆಯಲ್ಲಿ ಯಾರಾದರೂ ನಂಬಿಕೊಂಡಿರಬಹುದು. ಪ್ರಾಯಶಃ ಆ ಕಾಂಪೌಂಡರೇ ಎಂದಾದರೂ, ಹೌದೇನೋ, ಯಾರೋ ಬಂದಿದ್ದರೇನೋ, ನನಗೇ ಮರೆತುಹೋಯಿತೇನೋ ಎಂದುಕೊಂಡಿರಬಹುದು. ಅವರಿಗೆ ಹೇಳುವುದು ಇಷ್ಟೇ: ನಿಮಗೆ ಮರೆತಿಲ್ಲ. ಆ ಗುರುವಾರ ನಿಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.